ಕೆಳಗಿನ ಮನೆಯ ಸಾಕ್ಷಿ

ಅಂಗಿಯ ಗುಂಡಿ ಉದುರುವುದಕ್ಕೆ ಮುಹೂರ್ತವೆಂಬುದಿಲ್ಲ. ಮೊನ್ನೆ, ನವರಾತ್ರಿಗೆ ಇನ್ನು ನಾಲ್ಕು ದಿನವಿದೆ ಎನ್ನುವಾಗ, ಕೆಳಗಿನ ಮನೆಗೆ ಸಂಜೆಯ ಚಹಾಕ್ಕೆ ಹೋಗಲೆಂದು ಇಸ್ತ್ರಿ ಮಾಡಿದ ಅಂಗಿಯೊಳಗೆ ತೂರಿಕೊಳ್ಳುತ್ತಿದ್ದಂತೆ, ಸರಿಯಾಗಿ ಹೊಟ್ಟೆಯ ನೇರಕ್ಕಿದ್ದ ಗುಂಡಿ ಟಕ್ಕೆಂದು ಹಾರಿ ಮಂಚದ ಅಡಿಗೆ ಸೇರಿತು. ಗುಂಡಿ ಹೊಲಿದುಕೊಳ್ಳುವ ಮಟ್ಟಿಗೆ ನಾನು ಸ್ವಾವಲಂಬಿ. ಆದರೆ ಸೂಜಿ-ದಾರ ಎಲ್ಲಿದೆಯೆಂದು ಹೆಂಡತಿಯನ್ನು ಕೇಳದೆ ಕಂಡುಹಿಡಿಯುವ ಮಟ್ಟಿಗೆ ಅಲ್ಲ. ಸುಮತಿಯೋ ಆಗಲೇ ಕೆಳಗೆ ಹೋಗಿಯಾಗಿತ್ತು. ಅಲ್ಲದೆ ನನ್ನ ಗುಂಡಿಗಳನ್ನು ಹೊಲಿಯುವುದೆಂದರೆ ಅವಳಿಗೆ ಮೊದಲಿನಿಂದಲೂ ತಾತ್ಸಾರ. ಯಾಕೆಂದರೆ ಅವಳು ಹೊಲಿದು ಕೊಟ್ಟ ಪ್ರತಿಯೊಂದು ಗುಂಡಿಯನ್ನೂ ನಾನು ಎರಡು ಸಲ ಎಳೆದು ನೋಡಿಯೇ ತೊಡುವವನು.

ಹೇಗೋ ಅಟ್ಟದಿಂದ ಬಿಸ್ಕತ್ತಿನ ಹಳೆಯ ಡಬ್ಬಿಯನ್ನು ಇಳಿಸಿ ತೆರೆದೆ. ಬಣ್ಣಬಣ್ಣದ ಗುಂಡಿಗಳು, ಪಿನ್ನುಗಳು, ಮಗಳ ಶಾಲೆಯ ಬೆಲ್ಟಿನ ಬಕಲ್ಲು ಇವುಗಳ ನಡುವೆ ಮರದ ಹಿಡಿಯ ರಬ್ಬರ್ ಮೊಹರೊಂದು ಮಲಗಿತ್ತು. ತಿರುಗಿಸಿ ನೋಡಿದರೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾದ ಇಂಗ್ಲಿಷ್ ಅಕ್ಷರಗಳಲ್ಲಿ ‘ವೆರಿಫೈಡ್’ ಎಂದಿತ್ತು. ಇಪ್ಪತ್ತೆಂಟು ವರ್ಷ ನನಗೆ ಅನ್ನ ಹಾಕಿದ ಮೊಹರು. ನಿವೃತ್ತಿಯ ದಿನ ಹಾರ, ಶಾಲು ಮತ್ತು ಗೋಡೆ ಗಡಿಯಾರದ ಜೊತೆಗೆ ಇದನ್ನೂ ಜೇಬಿನಲ್ಲಿ ಹಾಕಿಕೊಂಡು ಬಂದಿದ್ದೆ. ಕದ್ದೆನೆಂದು ತಿಳಿಯಬೇಡಿ, ವಾಪಸು ಕೊಡಿ ಎಂದು ಯಾರೂ ಕೇಳಲಿಲ್ಲ, ಅಷ್ಟೇ.

ಸೂಜಿ ಸಿಗಲಿಲ್ಲ. ಅಂಗಿಗೊಂದು ಪಿನ್ನು ಸಿಕ್ಕಿಸಿ, ಯಾಕೋ ಮೊಹರನ್ನೂ ಜೇಬಿಗೆ ಇಳಿಬಿಟ್ಟು ಹೊರಟೆ. ಮುಂಬಯಿ ಬಳಿಯ ಡೊಂಬಿವಲಿ ಪೂರ್ವದ ನಮ್ಮ ಹಳೆಯ ಕಟ್ಟಡದಲ್ಲಿ ಎರಡನೆಯ ಮಾಳಿಗೆಯವನು ಒಂದನೆಯ ಮಾಳಿಗೆಗೆ ಚಹಾಕ್ಕೆ ಹೋಗುವುದೆಂದರೆ ಹದಿನೆಂಟು ಮೆಟ್ಟಿಲಿನ ಮಾತು. ಆ ಹದಿನೆಂಟು ಮೆಟ್ಟಿಲು ಇಳಿಯಲು ನನಗೆ ಆರು ವರ್ಷ ಹಿಡಿದಿತ್ತು. ಆ ಕಥೆಯನ್ನು ಹೇಳಬೇಕಾದರೆ ಮೊದಲು ಈ ಮೊಹರಿನ ಮೇಲಿನ ಪದದ ಪ್ರವರವನ್ನು ಹೇಳಲೇಬೇಕು. ನಿಮಗೇನೂ ಅವಸರವಿಲ್ಲವೆಂದು ಭಾವಿಸುತ್ತೇನೆ.

ಈಚೆಗೆ ಈ ಪದಕ್ಕೆ ಬಿಡುವೇ ಇಲ್ಲದಂತಾಗಿದೆ. ಬ್ಯಾಂಕಿನವರು ನನ್ನ ವಿಳಾಸವನ್ನು ವೆರಿಫೈ ಮಾಡುತ್ತಾರೆ, ಗ್ಯಾಸಿನವರು ನನ್ನ ಹೆಸರನ್ನು ಮಾಡುತ್ತಾರೆ, ಮೊಬೈಲಿನವರು ನನ್ನ ಮುಖವನ್ನೇ ಮಾಡುತ್ತಾರೆ. ಕಂಪ್ಯೂಟರಂತೂ ಸೊಟ್ಟಂಬಟ್ಟ ಅಕ್ಷರಗಳನ್ನು ತೋರಿಸಿ, ನೀನು ಮನುಷ್ಯನೆಂಬುದನ್ನು ವೆರಿಫೈ ಮಾಡು ಎನ್ನುತ್ತದೆ. ಕಣ್ಣಿನ ಪೊರೆ ತೆಗೆಸುವ ಮುಂಚೆ ಮೂರು ಬಾರಿ ತಪ್ಪು ಅಕ್ಷರ ಒತ್ತಿ, ಕೊನೆಗೆ ನನ್ನ ಮನುಷ್ಯತ್ವದ ಬಗ್ಗೆ ನನಗೇ ಶಂಕೆ ಹುಟ್ಟಿದ್ದುಂಟು.

ನಮ್ಮ ಕಾಲದಲ್ಲಿ ಇದು ಇಷ್ಟು ಅಗ್ಗದ ಪದವಾಗಿರಲಿಲ್ಲ. ಠಾಣೆಯ ವಾಗ್ಳೆ ಎಸ್ಟೇಟಿನ ನಮ್ಮ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದದ್ದು ನೀರಿನ ಕೊಳವೆಗಳ ವಾಲ್ವುಗಳು. ಪ್ರತಿಯೊಂದು ವಾಲ್ವಿಗೂ ಒತ್ತಡದ ನೀರು ಬಿಟ್ಟು, ಹನಿ ಸೋರುತ್ತದೆಯೋ ಇಲ್ಲವೋ ನೋಡಿ, ಒಂದು ಕಾಗದ ಭರ್ತಿ ಮಾಡಬೇಕು. ಕಾಗದದ ಬುಡದಲ್ಲಿ ಮೂರು ಚೌಕಗಳು. ಮೊದಲನೆಯದು ಪರೀಕ್ಷೆ ಮಾಡಿದವನದು, ಮೂರನೆಯದು ಒಪ್ಪಿಗೆ ಕೊಟ್ಟವನದು, ನಡುವಿನದು ನನ್ನದು. ಪರೀಕ್ಷೆ ಮಾಡಿದವನ ಕೈ ಒದ್ದೆಯಾಗುತ್ತಿತ್ತು, ಒಪ್ಪಿಗೆ ಕೊಟ್ಟವನ ತಲೆ ಬಿಸಿಯಾಗುತ್ತಿತ್ತು. ನಡುವೆ ಕೂತ ನನಗೆ ಎರಡರ ಉಪದ್ರವವೂ ಇರಲಿಲ್ಲ. ಮೊದಮೊದಲು ಎದ್ದು ಹೋಗಿ ವಾಲ್ವನ್ನು ಕಣ್ಣಾರೆ ನೋಡಿ ಮೊಹರು ಒತ್ತುತ್ತಿದ್ದೆ. ಆಮೇಲಾಮೇಲೆ ಕೂತಲ್ಲಿಂದಲೇ ಕಣ್ಣು ಹಾಯಿಸಿದೆ. ಕೊನೆಯ ವರ್ಷಗಳಲ್ಲಿ ಚಹಾ ಕುಡಿಯುತ್ತಾ ಒತ್ತುವ ಸಿದ್ಧಿಯೂ ಪ್ರಾಪ್ತವಾಗಿತ್ತು.

ಪದದ ಮೇಲೆ ಮಾತ್ರ ನನಗೆ ಮಮಕಾರ ಬೆಳೆಯಿತು. ಮರಾಠಿಯವರು ಇದಕ್ಕೆ ‘ಪಡತಾಳಣಿ’ ಎನ್ನುತ್ತಾರೆ. ನಮ್ಮ ‘ತಾಳೆ ನೋಡುವುದರ’ ನೆಂಟನ ಹಾಗೆ ಕೇಳಿಸುತ್ತದೆ. ಹಿಂದಿಯ ಫಾರಮ್ಮುಗಳಲ್ಲಿ ‘ಸತ್ಯಾಪನ’ ಎಂದಿರುತ್ತದೆ. ಓದಿದರೆ ಕೈಕಾಲು ತೊಳೆದು ಕೂತು ಮಾಡುವ ವ್ರತವೇನೋ ಅನ್ನಿಸುತ್ತದೆ. ಕನ್ನಡದಲ್ಲಿ ಪರಿಶೀಲನೆ, ದೃಢೀಕರಣ, ಖಾತ್ರಿ ಎಂದು ಸಂದರ್ಭಕ್ಕೊಂದು ಪದವಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಗಾದೆಯೇ ಇದೆ. ಒಮ್ಮೆ ಠಾಣೆ ಸ್ಟೇಷನ್ನಿನ ಹೊರಗೆ, ಫುಟ್‌ಪಾತಿನಲ್ಲಿ ಕೊಂಡ ಬೆನ್ನು ಮುರಿದ ನಿಘಂಟೊಂದರಲ್ಲಿ ಈ ಪದದ ಮೂಲವನ್ನು ಹುಡುಕಿದೆ. ಲ್ಯಾಟಿನ್ನಿನಲ್ಲಿ ಅದರ ಮೊದಲ ಪಾಲಿಗೆ ‘ಸತ್ಯ’ ಎಂದೂ ಎರಡನೆಯ ಪಾಲಿಗೆ ‘ಮಾಡು’ ಎಂದೂ ಅರ್ಥವಂತೆ. ಸತ್ಯವನ್ನು ನೋಡುವುದಲ್ಲ, ಹುಡುಕುವುದಲ್ಲ, ಮಾಡುವುದು! ಮುದ್ರಣದೋಷವಿರಬೇಕೆಂದು ನಿಘಂಟನ್ನು ಮುಚ್ಚಿಟ್ಟೆ.

ಕಾರ್ಖಾನೆಯಲ್ಲಿ ಪದ ಹಿಡಿದವನಿಗೆ ಊರಿನವರು ಇನ್ನೊಂದು ಹುದ್ದೆಯನ್ನು ದಯಪಾಲಿಸಿದರು. ಉಡುಪಿ ಕಡೆಯ ಹೆಣ್ಣು ಹೆತ್ತವರಿಗೆ ಮುಂಬಯಿಯ ಕಡೆಯಿಂದ ಒಂದು ಸಂಬಂಧ ಬಂತೆಂದರೆ, ಜಾತಕ ಜೋಯಿಸರಿಗೆ ಹೋಗುತ್ತದೆ, ಹುಡುಗನ ವಿಳಾಸ ಮುಂಬಯಿಯಲ್ಲಿರುವ ಯಾರಾದರೂ ನೆಂಟನಿಗೆ ಬರುತ್ತದೆ. ನಮ್ಮ ಬಳಗದಲ್ಲಿ ಆ ನೆಂಟ ನಾನು. ಠಾಣೆ, ಕಲ್ಯಾಣ, ನವಿ ಮುಂಬಯಿ ಇಷ್ಟೂ ನನ್ನ ವ್ಯಾಪ್ತಿ. ‘ಭಾವ, ಹುಡುಗ ಹೇಗೆ ಅಂತ ಒಂದು ಸಲ ನೋಡಿ ಹೇಳಿ ಮಾರಾಯ್ರೆ, ನಿಮ್ಮ ಮಾತೇ ಫೈನಲ್’ ಎಂದು ಫೋನು ಬಂದರೆ ಆ ಆದಿತ್ಯವಾರ ನಾನು ಮನೆಯಲ್ಲಿ ಸಿಗುವವನಲ್ಲ. ಸುಮತಿ ಗೊಣಗುತ್ತಿದ್ದಳು: “ನಿಮಗೆ ಎಂತ ಬೇರೆ ಕೆಲಸ ಇಲ್ಲವಾ? ಬ್ಯಾಂಕಿನವರಿಗೆ ಇಲ್ಲದ ಸಂಶಯ ನಿಮಗೆ!”

ಈ ಕಾರ್ಯದಲ್ಲಿ ನನ್ನದೇ ಒಂದು ಪದ್ಧತಿಯನ್ನು ಬೆಳೆಸಿಕೊಂಡಿದ್ದೆ. ಹುಡುಗನ ಮನೆಗೆ ಎಂದೂ ಮೊದಲು ಹೋಗಬಾರದು. ಅಲ್ಲಿ ಅಂದು ಎಲ್ಲವೂ ಒರೆಸಿಟ್ಟ ಹಾಗಿರುತ್ತದೆ. ಪಕ್ಕದ ಮನೆಯವರನ್ನೂ ಕೇಳಬಾರದು. ಅವರಿಗೆ ಕಾಣುವುದು ಬಾಗಿಲು ಮಾತ್ರ. ಕೇಳಬೇಕಾದದ್ದು ಕೆಳಗಿನ ಮನೆಯವರನ್ನು. ಫ್ಲ್ಯಾಟಿನ ಬದುಕಿನ ಪರಮಸತ್ಯವೆಲ್ಲ ಗುರುತ್ವಾಕರ್ಷಣಕ್ಕೆ ಒಳಪಟ್ಟು ಕೆಳಗೇ ಇಳಿಯುತ್ತದೆ: ಪಾತ್ರೆ ಎಸೆದ ಸದ್ದು, ಅತ್ತೆ-ಸೊಸೆಯ ಏರುದನಿ, ಬಟ್ಟೆ ಹಿಂಡದೆ ಹಾಕುವ ಸೋಮಾರಿತನ, ಎಲ್ಲ. ಈ ಸಿದ್ಧಾಂತವನ್ನು ನಮ್ಮ ಬಳಗದ ಮದುವೆ-ಮುಂಜಿಗಳಲ್ಲಿ, ಎಲೆಯಡಿಕೆ ಹಾಕಿಕೊಂಡು, ಕೇಳಿದವರಿಗೂ ಕೇಳದವರಿಗೂ ಬೋಧಿಸಿದೆ. ‘ಡೊಂಬಿವಲಿ ಭಾವನ ಸೂತ್ರ’ ಎಂದು ಅದಕ್ಕೆ ಹೆಸರೂ ಬಿತ್ತು.

ಸೂತ್ರ ಒಮ್ಮೆ ಕೈಕೊಟ್ಟದ್ದನ್ನೂ ಹೇಳಿಬಿಡುತ್ತೇನೆ, ಇಲ್ಲವಾದರೆ ನನ್ನ ಮುಂದಿನ ಭಯ ನಿಮಗೆ ಅರ್ಥವಾಗಲಿಕ್ಕಿಲ್ಲ. ಘೋಡಬಂದರ್ ರಸ್ತೆಯ ಹೊಸ ಕಾಂಪ್ಲೆಕ್ಸಿನಲ್ಲಿ ಒಬ್ಬ ಹುಡುಗ. ಕೆಲಸ ಸರಿ, ಮನೆ ಸ್ವಂತ, ಗುಣ ಚಿನ್ನ ಎಂದು ಕೆಳಗಿನ ವಾಚ್‌ಮನ್ ಹೇಳಿದ. ನಾನು ಬಿಡಬೇಕಲ್ಲ. ಅವನ ಕೆಳಗಿನ ಫ್ಲ್ಯಾಟಿನ ಗುಜರಾತಿ ಹೆಂಗಸನ್ನು ಮಾತಾಡಿಸಿದೆ. ಆಕೆ ಕೈಯೆತ್ತಿ ಮುಗಿದು ಹೇಳಿದಳು: “ಕ್ಯಾ ಬೋಲೂಂ ಭಾಯಿ, ಹರ್ ಶನಿವಾರ್ ಶಾಮ್ ಕೋ ಊಪರ್ ಧಡಾಧಡ್! ಚಿಲ್ಲಾತಾ ಭೀ ಹೈ. ಜೈಸೇ ಕಿಸೀ ಕೋ ಮಾರ್ ರಹಾ ಹೋ!” ಶನಿವಾರ ಸಂಜೆ, ಮೇಲೆ ಕುಣಿದಾಟ, ಯಾರನ್ನೋ ಹೊಡೆಯುವಂಥ ಅರಚಾಟ, ಇನ್ನೇನು ಬೇಕು? ‘ಹುಡುಗನಿಗೆ ಕುಡಿತದ ಅಭ್ಯಾಸವಿರಬೇಕು, ಮನೆಯಲ್ಲಿ ಗಲಾಟೆ ಉಂಟು’ ಎಂದು ಊರಿಗೆ ವರದಿ ಒಪ್ಪಿಸಿದೆ. ಸಂಬಂಧ ಅಲ್ಲಿಗೇ ನಿಂತಿತು.

ಎಂಟು ತಿಂಗಳ ಮೇಲೆ ಠಾಣೆಯ ಒಂದು ಸಭಾಗೃಹದಲ್ಲಿ ಯಕ್ಷಗಾನ ನೋಡಲು ಹೋಗಿದ್ದೆ. ಚೆಂಡೆಯ ಪೆಟ್ಟಿಗೆ ರಂಗಕ್ಕೆ ಹಾರಿ ಬಂದ ರಾಕ್ಷಸ ವೇಷ ಮಂಡಿ ತಿರುಗುತ್ತಾ, ಧಿಗಿಣ ಹಾರುತ್ತಾ, ಅಟ್ಟಹಾಸ ಮಾಡುತ್ತಾ ಇಡೀ ಸಭಾಗೃಹವನ್ನೇ ನಡುಗಿಸಿತು. ಆಟ ಮುಗಿದು ಬಣ್ಣ ಒರೆಸಿಕೊಂಡು ಬಂದ ಮುಖವನ್ನು ಕಂಡು ನಾನು ಕಂಬದ ಮರೆಗೆ ಸರಿದೆ. ಊರಿನವರು ಕಳಿಸಿದ್ದ ಫೋಟೋದ, ಘೋಡಬಂದರ್ ರಸ್ತೆಯ ಅದೇ ಹುಡುಗ! ಶನಿವಾರದ ಧಡಾಧಡ್ ಎಂದರೆ ಕುಣಿತದ ಅಭ್ಯಾಸ. ಕರಾವಳಿಯಲ್ಲಿ ಹುಟ್ಟಿ, ಚೆಂಡೆಯ ಸದ್ದಿಗೆ ತೊಟ್ಟಿಲಲ್ಲೇ ಕಾಲು ಕುಣಿಸಿದ ನನಗೆ ಇದು ಹೊಳೆಯದೆ ಹೋಯಿತಲ್ಲ! ಅವನಿಗೆ ಬೇರೆ ಕಡೆಯಿಂದ ಒಳ್ಳೆಯ ಸಂಬಂಧ ಕೂಡಿ ಬಂದು, ಹೆಂಡತಿ ಮೊದಲ ಸಾಲಿನಲ್ಲೇ ಕೂತು ಚಪ್ಪಾಳೆ ತಟ್ಟುತ್ತಿದ್ದಳೆಂದು ತಿಳಿದಾಗ ಸ್ವಲ್ಪ ಉಸಿರು ಬಂತು. ಆದರೆ ಮೊಹರು ಒತ್ತುವ ನನ್ನ ಕೈಯ ಮೇಲಿನ ವಿಶ್ವಾಸ ಅಂದಿನಿಂದ ಅರ್ಧಕ್ಕಿಳಿಯಿತು. ಸೂತ್ರವನ್ನು ಮಾತ್ರ ಹಿಂತೆಗೆದುಕೊಳ್ಳಲಿಲ್ಲ. ಅದು ಅಷ್ಟರಲ್ಲಿ ಊರೆಲ್ಲ ಹರಡಿತ್ತು.

ಈಗ ನನ್ನ ಕೆಳಗಿನ ಮನೆಗೆ ಬರೋಣ. ಅಲ್ಲಿರುವವರು ಪೆಂಡ್ಸೆ ಕಾಕಾ, ನಿವೃತ್ತ ಭೂಗೋಳದ ಮಾಸ್ತರು, ಮತ್ತು ಅವರ ಹೆಂಡತಿ, ಕಾಕು. ನಮ್ಮ ಮಗಳು ಅಶ್ವಿನಿ ನಕಾಶೆ ಬಿಡಿಸಲು ಕಲಿತದ್ದು ಅವರ ಊಟದ ಮೇಜಿನ ಮೇಲೆ. ಹೀಗಿರುತ್ತಾ ಒಂದು ದಿನ ಕಾಕಾ ಮೇಲೆ ಬಂದು, ತಮ್ಮ ಹಜಾರದ ಮೂಲೆಯ ಮಾಡಿನಲ್ಲಿ, ಅಂದರೆ ತಲೆಯ ಮೇಲಿನ ಸ್ಲ್ಯಾಬಿನಲ್ಲಿ, ತೇವ ಕಾಣಿಸಿದೆಯೆಂದೂ, ಅದು ನಮ್ಮ ಬಾತ್‌ರೂಮಿನ ಗಳತಿಯಿರಬೇಕೆಂದೂ ಬಹಳ ಸೌಜನ್ಯದಿಂದ ಹೇಳಿದರು. ಗಳತಿಯೆಂದರೆ ಮರಾಠಿಯಲ್ಲಿ ಸೋರಿಕೆ. ನೀರು ಸೋರದಂತೆ ನೋಡಿಕೊಳ್ಳುವುದರಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದವನ ಬಾತ್‌ರೂಮು ಸೋರುತ್ತದೆಯೆ? ನನ್ನ ಆತ್ಮಾಭಿಮಾನಕ್ಕೆ ಬೆಂಕಿ ಬಿತ್ತು. ‘ವೆರಿಫೈ ಮಾಡದೆ ಹೇಗೆ ಹೇಳುತ್ತೀರಿ? ಪ್ರೂಫ್ ಕೊಡಿ’ ಎಂದೆ.

ಆ ಮಾತು ಅಲ್ಲಿಂದ ಆರು ವರ್ಷ ನಡೆಯಿತು. ಮಾಸ್ತರು ಪ್ರೂಫ್ ಕೊಡಲು ಹೊರಟರು. ತೇವದ ಅಂಚಿನ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಕು ಬರೆದರು. ತೇವ ಬೆಳೆದಂತೆ ಹೊಸ ಗೆರೆ, ಹೊಸ ತಾರೀಕು. ನಾನು ಸೊಸೈಟಿಗೆ ಮೂರು ಪುಟದ ಪತ್ರ ಬರೆದು, ಮಳೆಗಾಲದಲ್ಲಿ ಕಲೆ ಹಿಗ್ಗುವುದರಿಂದ ದೋಷ ಕಟ್ಟಡದ ಹೊರಗೋಡೆಯದೆಂದೂ, ಮೂರನೆಯ ಮಾಳಿಗೆಯ ಪೈಪೂ ಅದೇ ಗೋಡೆಯಲ್ಲಿ ಇಳಿಯುವುದರಿಂದ ಸಂಶಯದ ಲಾಭ ನನಗೇ ಸಲ್ಲಬೇಕೆಂದೂ ವಾದಿಸಿದೆ. ಬಾತ್‌ರೂಮಿನಲ್ಲಿ ಬಣ್ಣದ ನೀರು ಬಿಟ್ಟು ನೋಡೋಣ ಎಂದರು ಕಾಕಾ. ಆ ವಿಧಾನ ವೈಜ್ಞಾನಿಕವಲ್ಲ ಎಂದೆ ನಾನು. ಸೊಸೈಟಿಯ ಸಭೆಯಲ್ಲಿ ಜನ ನನ್ನ ವಾಗ್ವೈಖರಿಗೆ ತಲೆದೂಗಿದರು. ಮಾಸ್ತರು ಆಮೇಲೆ ನನ್ನೊಂದಿಗೆ ಮಾತು ಬಿಟ್ಟರು, ನಾನೂ ಬಿಟ್ಟೆ.

ನಿಮ್ಮೊಡನೆ ಮುಚ್ಚುಮರೆ ಯಾಕೆ? ನನಗೆ ಗೊತ್ತಿತ್ತು. ಬಚ್ಚಲಿನ ಬಕೆಟ್ಟಿನ ಕೆಳಗಿನ ಟೈಲು ಹೆಬ್ಬೆರಳಿಗೆ ಅಲುಗಾಡುತ್ತಿತ್ತು. ಪ್ರತಿದಿನ ಸ್ನಾನ ಮಾಡುವಾಗ ಅದರ ಮೇಲೆ ಕಾಲಿಡದಂತೆ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡಿದ್ದೆ. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪರರ ತಟ್ಟೆಯ ನೊಣ ಹುಡುಕಲು ಕಲ್ಯಾಣದವರೆಗೆ ರೈಲಿನಲ್ಲಿ ನೇತಾಡಿಕೊಂಡು ಹೋಗುತ್ತಿದ್ದವನು ನಾನು. ಹೆಂಗಸರು ಮಾತ್ರ ಈ ಯುದ್ಧವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸುಮತಿಯ ಪತ್ರೊಡೆ ಕೆಳಗಿಳಿಯುತ್ತಿತ್ತು, ಕಾಕುವಿನ ಪೂರಣಪೋಳಿ ಮೇಲೇರುತ್ತಿತ್ತು. ಅಶ್ವಿನಿ ಆಫೀಸಿನಿಂದ ಬರುವಾಗ ಅರ್ಧಗಂಟೆ ಕೆಳಗೆ ಕೂತು ಹರಟೆ ಹೊಡೆದು ಬರುತ್ತಿದ್ದಳು. ನಾನು ಮುಖ ಗಂಟಿಕ್ಕಿದರೆ, “ಜಾನೇ ದೋ ನಾ ಪಪ್ಪಾ, ಏಕ್ ಪ್ಲಂಬರ್ ಕೋ ಬುಲಾವೋ, ಖತಮ್” ಎನ್ನುತ್ತಿದ್ದಳು. ಒಬ್ಬ ಪ್ಲಂಬರನನ್ನು ಕರೆಸಿದರೆ ಮುಗಿಯಿತೆಂಬುದು ಅವಳ ವಾದ.

ಅಶ್ವಿನಿಗೆ ಸಂಬಂಧ ಬಂದದ್ದು ಆಗ. ಸೀವುಡ್ಸ್‌ನಲ್ಲಿರುವ ಹುಡುಗ ಪ್ರಶಾಂತ, ಮೂಲ ಕುಂದಾಪುರದ ಕಡೆ. ಇಬ್ಬರೂ ಎರಡು ಬಾರಿ ಭೇಟಿಯಾಗಿ ಕಾಫಿ ಕುಡಿದು ಬಂದರು. ಮೂರನೆಯ ಬಾರಿ ಹೊರಡುವಾಗ ಮಗಳು ಕನ್ನಡಿಯ ಮುಂದೆ ಗುನುಗುತ್ತಿದ್ದಳು. ಅದಕ್ಕೆ ಮುಂಚೆ ಎರಡು ಸಂಬಂಧಗಳು ಏನೇನೋ ಕಾರಣಕ್ಕೆ ಮುರಿದು, ಅವಳು ಅದನ್ನು ಮನಸ್ಸಿಗೆ ಹಚ್ಚಿಕೊಂಡು, ಇನ್ನು ಯಾರನ್ನೂ ನೋಡುವುದಿಲ್ಲ ಎಂದು ಹಟ ಹಿಡಿದಿದ್ದವಳು. ಆದ್ದರಿಂದ ಆ ಗುನುಗು ಕೇಳಿ ನಾನು ಮತ್ತು ಸುಮತಿ ಅಡುಗೆಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಇದೊಂದು ಕೂಡಿಬಂದರೆ ಸಾಕೆಂದು ಸುಮತಿ ದೇವರಿಗೆ ಹೂವಿನ ಪೂಜೆ ಹೇಳಿಕೊಂಡಳು.

ಒಂದು ಸಂಜೆ ವಾಚ್‌ಮನ್ ಗೇಟಿನಲ್ಲಿ ನನ್ನನ್ನು ತಡೆದ. “ಸಾಬ್, ಏಕ್ ಚಾಚಾ ಆಯೇ ಥೇ. ಆಪಕೇ ಬಾರೇ ಮೇಂ ಪೂಛ್ ರಹೇ ಥೇ.”

“ನನ್ನ ಬಗ್ಗೆ ಯಾರನ್ನು ಕೇಳಿದ್ರು? ಕಿಸಕೋ ಪೂಛಾ?”

“ಪೆಂಡ್ಸೆ ಸಾಬ್ ಕೋ. ಏಕ್ ಘಂಟಾ ಬೈಠೇ ಥೇ ಅಂದರ್.”

ಗೇಟಿನ ವಹಿಯಲ್ಲಿ ಹೆಸರು ನೋಡಿದೆ: ಪೆಂಡ್ಸೆಯವರ ಮನೆಯಲ್ಲಿ ಒಂದು ಗಂಟೆ ಕೂತು ಹೋದವರು ಹುಡುಗನ ಸೋದರಮಾವ, ವಾಸುದೇವ ಉಡುಪರು. ಎರಡು ವರ್ಷದ ಹಿಂದೆ ಒಂದು ಮುಂಜಿಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲಿ ಕೂತಿದ್ದವರು. ಪಾಯಸ ಬರುವಷ್ಟರಲ್ಲಿ ನನ್ನ ಸೂತ್ರವನ್ನು ಸೋದಾಹರಣವಾಗಿ ಕೇಳಿ, ‘ಒಳ್ಳೆ ಐಡಿಯಾ ಮಾರಾಯ್ರೆ’ ಎಂದು ಕೈಕುಲುಕಿದವರು. ನಾನು ಕಲಿಸಿದ ವಿದ್ಯೆ ಸೀವುಡ್ಸ್‌ನಿಂದ ರೈಲು ಹತ್ತಿ, ಠಾಣೆಯಲ್ಲಿ ಗಾಡಿ ಬದಲಿಸಿ, ನನ್ನ ಕೆಳಗಿನ ಮನೆಗೇ ಬಂದು ಕೂತಿತ್ತು. ಅದೂ ಆರು ವರ್ಷದ ಪೆನ್ಸಿಲ್ ಗೆರೆಗಳ ಕೆಳಗೆ.

ಮುಂದಿನ ಹತ್ತು ದಿನಗಳನ್ನು ನಾನು ಹೇಗೆ ಕಳೆದೆನೆಂದು ಕೇಳಬೇಡಿ. ನಾನು ಪೆಂಡ್ಸೆಯಾಗಿದ್ದರೆ ಏನು ಹೇಳುತ್ತಿದ್ದೆ? ‘ಮನುಷ್ಯ ಮೊಂಡ, ಸುಳ್ಳುಗಾರ; ಮಾತಿಗೆ ಮಾತು ಬೆಳೆಸುವವನು. ಮೇಲೆ ನೋಡಿ, ನಿಮಗೇ ಕಾಣುತ್ತದೆ’ ಎನ್ನುತ್ತಿದ್ದೆ, ಮತ್ತು ಅದರಲ್ಲಿ ಒಂದಕ್ಷರವೂ ಸುಳ್ಳಿರುತ್ತಿರಲಿಲ್ಲ. ಘೋಡಬಂದರ್ ರಸ್ತೆಯ ಹುಡುಗನಿಗೆ ನಾನು ಅದಕ್ಕಿಂತ ಕಡಿಮೆ ಪುರಾವೆಯ ಮೇಲೆ ಶಿಕ್ಷೆ ವಿಧಿಸಿದ್ದೆ. ಸೀವುಡ್ಸ್‌ನಿಂದ ಫೋನು ಬರಲಿಲ್ಲ. ಮಗಳ ಗುನುಗು ನಿಂತಿತು. ಮೊಬೈಲನ್ನು ಮತ್ತೆ ಮತ್ತೆ ತಿರುಗಿಸಿ ನೋಡುತ್ತಿದ್ದಳು. ಅವಳ ಮುಖ ನೋಡಲಾರದೆ ನಾನು ಸಂಜೆ ಹೊತ್ತು ಸ್ಟೇಷನ್ನಿನವರೆಗೂ ಸುಮ್ಮನೆ ನಡೆದು ಬರುತ್ತಿದ್ದೆ. ಸ್ನಾನದ ಹೊತ್ತಿಗೆ ಆ ಟೈಲು ಕಂಡರೆ ನಾಲ್ಕು ಚೊಂಬಿನಲ್ಲೇ ಮುಗಿಸಿ ಹೊರಗೆ ಬರುತ್ತಿದ್ದೆ. ನಾನು ಮಾಡಿದ ತಪ್ಪಿಗೆ ಮಗಳು ದಂಡ ತೆರುತ್ತಾಳೆ ಎಂಬ ಯೋಚನೆ ಬಂದಾಗಲೆಲ್ಲ ನಾಚಿಕೆಯಾಗುತ್ತಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಫೋನು ಬಂತು. ಇಷ್ಟು ದಿನ ತಡವಾದದ್ದು ಊರಿನ ಜೋಯಿಸರು ಯಾತ್ರೆಗೆ ಹೋಗಿದ್ದರೆಂಬ ಕಾರಣಕ್ಕಂತೆ. ‘ನಮಗೆಲ್ಲ ಒಪ್ಪಿಗೆ, ನಿಶ್ಚಿತಾರ್ಥಕ್ಕೆ ದಿನ ನೋಡುವ’ ಎಂದರು ವಾಸುದೇವ ಉಡುಪರು. ರಿಸೀವರ್ ಇಟ್ಟು ನಾನು ಸೋಫಾದ ಮೇಲೆ ಕೂತವನು ಕಾಲುಗಂಟೆ ಏಳಲಿಲ್ಲ. ಸುಮತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು ದೇವರ ಮುಂದೆ ದೀಪ ಹಚ್ಚಿದಳು. ಅಶ್ವಿನಿ ಚಪ್ಪಲಿ ಮೆಟ್ಟಿ ಕೆಳಗೆ ಕಾಕುವಿನ ಬಳಿಗೆ ಓಡಿದಳು.

ನಿಶ್ಚಿತಾರ್ಥದ ಊಟದಲ್ಲಿ ಉಡುಪರು ಮತ್ತೆ ನನ್ನ ಪಕ್ಕದಲ್ಲೇ ಕೂತರು. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ನಗುತ್ತಾ ಹೇಳಿದರು: “ಭಾವ, ನಿಮ್ಮ ಸೂತ್ರ ನಿಮಗೇ ತಿರುಗಿಸಿದೆ, ಬೇಜಾರು ಮಾಡ್ಕೊಳ್ಬೇಡಿ ಆಯ್ತಾ. ನಿಮ್ಮ ಕೆಳಗಿನ ಮಾಸ್ತ್ರು ಎಂತ ಜನ ಮಾರಾಯ್ರೆ! ನಿಮ್ಮ ಮಗಳು ಬಿಡಿಸಿದ ಭಾರತದ ನಕ್ಷೆ ಇನ್ನೂ ಇಟ್ಕೊಂಡಿದ್ದಾರೆ, ತೋರಿಸಿದ್ರು. ಮಾಡಿನಲ್ಲಿ ಅಷ್ಟು ದೊಡ್ಡ ಕಲೆ ಕಂಡು ನಾನೇ ಕೇಳಿದೆ, ಇದು ಮೇಲಿನವರ ಬಚ್ಚಲಿಂದ ಅಲ್ವಾ ಅಂತ. ಛೆ ಛೆ, ರಾವ್ ಅವರ ಮನೆಯಿಂದ ಒಂದು ಹನಿ ನೀರು ಬರ್ಲಿಕ್ಕಿಲ್ಲ, ಇದು ಹೊರಗೋಡೆದು, ಮಳೆ ನೀರು ಅಂದ್ರು. ನಿಮ್ಮ ಸೊಸೈಟಿಯವರಿಗೆ ಹೇಳಿ ಗೋಡೆ ರಿಪೇರಿ ಮಾಡ್ಸಿ, ಪಾಪ ಮುದುಕ್ರು.”

ಎತ್ತಿದ ಹೋಳಿಗೆಯ ತುಂಡನ್ನು ಎಲೆಗೇ ಇಟ್ಟೆ. ಆರು ವರ್ಷ ನಾನು ಯಾವ ತೀರ್ಪಿಗಾಗಿ ಪತ್ರ ಬರೆದು, ಸಭೆಯಲ್ಲಿ ಕೂಗಾಡಿ, ಸುಸ್ತಾಗಿದ್ದೆನೋ ಆ ತೀರ್ಪು ಎದುರಾಳಿಯ ಬಾಯಿಂದಲೇ, ನನ್ನ ಪತ್ರದ ವಾಕ್ಯಗಳಲ್ಲೇ ಬಂದಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಮಾಸ್ತರು ಒಂದೇ ಸುಳ್ಳಿನಲ್ಲಿ ಮುಗಿಸಿದ್ದರು. ಗೆದ್ದವನಿಗೆ ಇಷ್ಟು ಅವಮಾನವಾಗುತ್ತದೆಂದು ನನಗೆ ತಿಳಿದಿರಲಿಲ್ಲ.

ಮರುದಿನ ಬೆಳಿಗ್ಗೆ ಬಟ್ಟೆಗೆ ಹಾಕುವ ನೀಲಿಯ ಒಂದು ಬಾಟಲಿ ತಂದು, ಬಚ್ಚಲಿಗೆ ಪೂರ್ತಿ ಸುರಿದು, ಮೇಲಿಂದ ನಾಲ್ಕು ಬಕೆಟ್ ನೀರು ಹೊಯ್ದೆ. ಮಧ್ಯಾಹ್ನದವರೆಗೆ ಕಾದು, ಆ ಹದಿನೆಂಟು ಮೆಟ್ಟಿಲು ಇಳಿದು ಬೆಲ್ ಒತ್ತಿದೆ. ಬಾಗಿಲು ತೆರೆದ ಕಾಕಾ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ನಾನು ಕೈಯಲ್ಲಿದ್ದ ಖಾಲಿ ಬಾಟಲಿಯನ್ನು ತೋರಿಸಿದೆ. ಇಬ್ಬರೂ ಮೂಲೆಗೆ ಹೋಗಿ ತಲೆಯೆತ್ತಿದೆವು. ಪೆನ್ಸಿಲ್ ಗೆರೆಗಳ ನಡುವೆ, ತಾರೀಕುಗಳನ್ನು ತೋಯಿಸುತ್ತಾ, ತಿಳಿನೀಲಿ ಬಣ್ಣ ನಿಧಾನವಾಗಿ ಹರಡುತ್ತಿತ್ತು. ಭೂಗೋಳದ ಮಾಸ್ತರು ಅದನ್ನು ನೋಡಿ, “ಆತಾ ಸಮುದ್ರ ಆಲಾ” ಎಂದರು. ಇಷ್ಟು ದಿನ ನೆಲ ಮಾತ್ರವಿತ್ತು, ಈಗ ಸಮುದ್ರವೂ ಬಂತು!

ನಗು ಬರಬೇಕಿತ್ತು, ನನಗೆ ಅಳು ಬಂತು. ‘ಕಾಕಾ, ಅವತ್ತು ನಿಜ ಹೇಳಬಹುದಿತ್ತಲ್ಲ, ಯಾಕೆ ಹೇಳಲಿಲ್ಲ?’ ಎಂದು ನನ್ನ ಹರಕುಮುರುಕು ಮರಾಠಿಯಲ್ಲಿ ಕೇಳಿದೆ. ಅವರಿಗೆ ಆ ಪ್ರಶ್ನೆಯೇ ಅರ್ಥವಾಗದವರಂತೆ ಹೇಳಿದರು: “ಅಹೋ ರಾವ್, ಗಳತಿ ಆಪಲ್ಯಾ ದೋಘಾಂಚೀ. ಮುಲಗೀ ಸಗಳ್ಯಾಂಚೀ.” ಸೋರಿಕೆ ನಮ್ಮಿಬ್ಬರದು, ಹುಡುಗಿ ಎಲ್ಲರವಳು. ಅಷ್ಟು ಹೇಳಿ, ಚಹಾ ಮಾಡು ಎಂದು ಕಾಕುವಿಗೆ ಕೂಗಿದರು. ನಾನು ಕುಡಿಯಲು ನಿಲ್ಲಲಿಲ್ಲ. ಮೊದಲು ಪ್ಲಂಬರನನ್ನು ಕರೆದುಕೊಂಡು ಬರುತ್ತೇನೆ, ಚಹಾ ಆಮೇಲೆ ಎಂದು ಎದ್ದು ಬಂದೆ.

ಬಚ್ಚಲನ್ನು ಬುಡದವರೆಗೆ ಅಗೆಸಿದೆ. ಪ್ಲಂಬರು ಟೈಲಿನ ಕೆಳಗಿನಿಂದ ತುಕ್ಕು ಹಿಡಿದ ಪೈಪಿನ ತುಂಡೊಂದನ್ನು ಎತ್ತಿ ತೋರಿಸಿ, “ಸಾಬ್, ಇತನೇ ಸಾಲ್ ಕ್ಯಾ ಕರ್ ರಹೇ ಥೇ?” ಎಂದ. ಇಷ್ಟು ವರ್ಷ ಏನು ಮಾಡುತ್ತಿದ್ದೆನೆಂದರೆ, ವಾಲ್ವು ನೋಡುತ್ತಿದ್ದೆ ಎಂದು ಹೇಗೆ ಹೇಳಲಿ? ಎಂಟು ದಿನ ನಾವು ಸ್ನಾನಕ್ಕೆ ಕೆಳಗಿನ ಮನೆಗೇ ಹೋದೆವು. ಹೊಸ ಪೈಪು, ಹೊಸ ನೆಲ, ವಾಟರ್‌ಪ್ರೂಫಿಂಗ್ ಎಲ್ಲ ಮುಗಿದು, ಹೊಸ ಟೈಲಿನ ಮೇಲೆ ಎರಡೂ ಕಾಲೂರಿ ನಿಂತು ಸ್ನಾನ ಮಾಡಿದ ದಿನ, ಫುಟ್‌ಪಾತಿನ ಆ ನಿಘಂಟಿನ ಮಾತು ಎಲ್ಲಿಂದಲೋ ನೆನಪಾಯಿತು. ಅದರಲ್ಲಿ ಮುದ್ರಣದೋಷವಿರಲಿಲ್ಲ. ರಾವ್ ಅವರ ಮನೆಯಿಂದ ಒಂದು ಹನಿ ನೀರೂ ಬರುವುದಿಲ್ಲ ಎಂದು ಮಾಸ್ತರು ನನ್ನ ಮಗಳಿಗಾಗಿ ಒಂದು ಮಾತು ಆಡಿಬಿಟ್ಟಿದ್ದರು. ಅದನ್ನು ಸತ್ಯ ಮಾಡುವ ಕೆಲಸ ಮಾತ್ರ ನನಗೆ ಉಳಿದಿತ್ತು.

ಮಾಡಿಗೆ ಬಣ್ಣ ಹೊಡೆಸಿಕೊಡುತ್ತೇನೆ ಎಂದರೆ ಕಾಕಾ ಒಪ್ಪಲಿಲ್ಲ. ಒಂದು ಮಳೆಗಾಲ ದಾಟಲಿ, ಆಮೇಲೆ ನೋಡೋಣ ಎಂದರು. ಈಗ ವೆರಿಫೈ ಮಾಡುವ ಸರದಿ ಅವರದು. ಮಗಳ ಮದುವೆ ಬೇಸಿಗೆಯಲ್ಲಿ ಸಾಂಗವಾಗಿ ನೆರವೇರಿತು. ಮಳೆಗಾಲ ಬಂತು, ರೈಲು ನಿಂತಿತು, ಹೊರಟಿತು, ಗಣಪತಿ ಬಂದು ಹೋದ. ಮೊನ್ನೆ ಕಾಕಾ ಚಹಾಕ್ಕೆ ಕರೆದದ್ದು ಆ ಫಲಿತಾಂಶಕ್ಕಾಗಿ.

ಹೋಗಿ ನೋಡಿದರೆ ಮೂಲೆಯಲ್ಲಿ ಸ್ಟೂಲು ಸಿದ್ಧವಾಗಿತ್ತು. ಸುಮತಿ ಮತ್ತು ಕಾಕು ಅಡು‍ಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಕಾಕಾ ಸ್ಟೂಲು ಹಿಡಿದುಕೊಂಡರು, ನಾನು ಹತ್ತಿದೆ. ಬಾಡಿದ ನೀಲಿಯ ಸಮುದ್ರ, ಅದರ ಸುತ್ತ ಗೆರೆಗಳು. ಕೊನೆಯ ತಾರೀಕು ನಿಶ್ಚಿತಾರ್ಥಕ್ಕೆ ಮುಂಚಿನದು. ಅದರಾಚೆಗೆ ಏನೂ ಇರಲಿಲ್ಲ. ಅಂಗೈ ಊರಿದೆ. ಒಣಗಿತ್ತು. ಬೆಚ್ಚಗೂ ಇತ್ತು. ಎದೆಯ ಮೇಲೆ ಕೂತಿದ್ದುದೇನೋ ಎದ್ದು ಹೋದಂತಾಯಿತು. ಜೇಬಿನಿಂದ ಮೊಹರು ತೆಗೆದು, ಕೊನೆಯ ಗೆರೆಯ ಪಕ್ಕದಲ್ಲಿ ಗಟ್ಟಿಯಾಗಿ ಒತ್ತಿದೆ.

ಏನೂ ಮೂಡಲಿಲ್ಲ. ಮೊಹರಿನ ಶಾಯಿ ಎಂದೋ ಒಣಗಿಹೋಗಿತ್ತು. ಕೆಳಗಿನಿಂದ ಎಲ್ಲರೂ ನಕ್ಕರು. ಕಾಕಾ ತಮ್ಮ ಜೇಬಿನಿಂದ ಆ ಹಳೆಯ ಪೆನ್ಸಿಲನ್ನು ತೆಗೆದು ಮೇಲಕ್ಕೆ ಚಾಚಿ, “ಸಹೀ ಕರಾ” ಎಂದರು. ಮಾಡಿನ ಮೇಲೆ, ಕತ್ತು ನೋಯಿಸಿಕೊಂಡು, ಅಂಕುಡೊಂಕಾಗಿ ಸಹಿ ಹಾಕಿ ತಾರೀಕು ಬರೆದೆ. ಎಷ್ಟೋ ವರ್ಷಗಳ ಮೇಲೆ ಕಣ್ಣಾರೆ ನೋಡಿ, ಕೈಯಾರೆ ಮುಟ್ಟಿ ಹಾಕಿದ ಸಹಿ ಅದು. ಮರುದಿನ ಬಣ್ಣದವರು ಬಂದು ನಕಾಶೆ, ಸಮುದ್ರ, ಸಹಿ ಎಲ್ಲದರ ಮೇಲೂ ಬಿಳಿ ಬಣ್ಣ ಬಳಿದು ಹೋದರು. ಮೊಹರು ಮತ್ತೆ ಬಿಸ್ಕತ್ತಿನ ಡಬ್ಬಿ ಸೇರಿತು.

ಚಹಾದ ಆ ಸಂಜೆ ಮನೆಗೆ ಬಂದ ಕೂಡಲೇ ಸುಮತಿಗೆ ನನ್ನ ಅಂಗಿಯ ಪಿನ್ನು ಕಂಡಿತು. ಗೊಣಗುತ್ತಾ ಅಂಗಿ ಬಿಚ್ಚಿಸಿಕೊಂಡು, ಮಂಚದ ಅಡಿಯಿಂದ ಗುಂಡಿ ಹೆಕ್ಕಿ, ನಾನು ಎಷ್ಟು ಹುಡುಕಿದರೂ ಸಿಗದ ಸೂಜಿಯನ್ನು ಕ್ಷಣದಲ್ಲಿ ಎಲ್ಲಿಂದಲೋ ತೆಗೆದು, ಹೊಲಿದು, ದಾರವನ್ನು ಹಲ್ಲಿನಲ್ಲಿ ಕಡಿದು ಕೊಟ್ಟಳು. ಕೊಟ್ಟವಳು ರೂಢಿಯಂತೆ ನನ್ನ ಬೆರಳುಗಳನ್ನೇ ನೋಡುತ್ತಾ ನಿಂತಳು. ನಾನು ಎಳೆದು ನೋಡದೆ ತೊಟ್ಟುಕೊಂಡೆ.